ಕಾಗದದ ಹುಡುಗಿಗೆ ದೃಷ್ಟಿ ಬೊಟ್ಟು

ನನಗೆ ಒಬ್ಬ ಕಾಗದದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು. ಪುಣೆಯ ಧನಕವಡಿಯಲ್ಲಿರುವ ನನ್ನ ಮಗಳ ಶಾಲೆಯಲ್ಲಿ ಪುಸ್ತಕ ಪ್ರದರ್ಶನ ಇಟ್ಟಿದ್ದಾಗ ಅವಳನ್ನು ನಾನೇ ಕೊಂಡು ಮನೆಗೆ ತಂದೆ. ಮರಾಠಿ ಚಿತ್ರಪುಸ್ತಕ. ಮುಖಪುಟದಲ್ಲೇ ನಿಂತಿದ್ದಾಳೆ: ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮೊಳಕಾಲ ಮೇಲೆ ಗಾಯದ ಕಲೆ, ನನ್ನದೇ ಅಚ್ಚಗಪ್ಪು ಬಣ್ಣ. ಗುಡ್ಡ ಹತ್ತುತ್ತಾಳೆ, ಕಳೆದುಹೋದ ಮೇಕೆಯನ್ನು ಹುಡುಕಿ ತರುತ್ತಾಳೆ, ಊರೆಲ್ಲ ಅವಳನ್ನು ಹೊಗಳುತ್ತದೆ. ಇಡೀ ಕಥೆಯಲ್ಲಿ ಅವಳು ಕಪ್ಪಗಿದ್ದಾಳೆಂದು ಒಬ್ಬರೂ ಅನ್ನುವುದಿಲ್ಲ. ಯಾರಾದರೂ ಅಂದೇ ಅನ್ನುತ್ತಾರೆ ಎಂದು ಅಲ್ಲೇ ಮೇಜಿನ ಮುಂದೆ ನಿಂತು ಕೊನೆಯ ಪುಟದವರೆಗೆ ಹುಡುಕಿದೆ.

ನಾನು ಚಿಕ್ಕವಳಿದ್ದಾಗ ಕಥೆಯೊಳಗೆ ಹುಡುಗಿಗಿಂತ ಮೊದಲು ಅವಳ ಬಣ್ಣ ಬರುತ್ತಿತ್ತು. ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಪುಣೆಯಲ್ಲಿ ಗುಮಾಸ್ತ, ಇದೇ ಧನಕವಡಿಯಲ್ಲಿ ಎರಡು ಕೋಣೆಯ ಮನೆ. ಅವ್ವ ಮರಾಠಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಾಯಲ್ಲೇ ಕನ್ನಡ ಮಾಡಿ ಓದುತ್ತಿದ್ದಳು. ಹಾಲಿನಂಥ ಮೈಯ ರಾಜಕುಮಾರಿ ಬಂದ ಕೂಡಲೇ ಚಿತ್ರದ ಮೇಲೆ ಬೆರಳಿಡುವಳು. "ನೋಡು, ಥೇಟ್ ನಮ್ಮ ಸಣ್ಣಾಕಿ!"

ಸಣ್ಣಾಕಿ ಎಂದರೆ ನನ್ನ ತಂಗಿ. ಬೆಳ್ಳಗಿದ್ದಳು, ಈಗಲೂ ಇದ್ದಾಳೆ. ಆ ಪುಸ್ತಕಗಳಲ್ಲಿ ಕಪ್ಪಗಿದ್ದವರೆಂದರೆ ಹಾರ ಕದ್ದ ದಾಸಿ, ಇಲ್ಲವೇ ಮಕ್ಕಳನ್ನು ನುಂಗುವ ರಾಕ್ಷಸಿ. ಅವರು ಬಂದಾಗ ಅವ್ವ ಗಡಿಬಿಡಿಯಿಂದ ಹಾಳೆ ತಿರುವುತ್ತಿದ್ದಳು. ಅಷ್ಟೊಂದು ಕನಿಕರ ಅವಳಿಗಿತ್ತು.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಕಾಡಿಗೆ. ದಿನಾ ಬೆಳಿಗ್ಗೆ ತಲೆ ಬಾಚಿದ ಮೇಲೆ ಅವ್ವ ಬೆರಳ ತುದಿಗೆ ಕಾಡಿಗೆ ತೆಗೆದುಕೊಂಡು ತಂಗಿಯ ಗಲ್ಲಕ್ಕೆ ದೃಷ್ಟಿ ಬೊಟ್ಟು ಇಡುವಳು. ನಾನೂ ಗಲ್ಲ ಒಡ್ಡಿ ನಿಲ್ಲುತ್ತಿದ್ದೆ.

"ನಿನಗ್ಯಾಕವ್ವಾ? ನಿನಗ ಯಾರ ದೃಷ್ಟಿ ಆಗತದ? ಹಚ್ಚಿದ್ರೂ ಕಾಣಂಗಿಲ್ಲ" ಅನ್ನುತ್ತಿದ್ದಳು ಅವ್ವ.

ಮನೆಗೆ ಬಂದವರು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು, ಅವರ ಜೊತೆ ನಾನೂ ನಗುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮನೆಯ ಹೆಗ್ಗಣಕ್ಕೆ ಆ ಗಾದೆಯೂ ದಕ್ಕಲಿಲ್ಲ. ಒಮ್ಮೆ ತಂಗಿಗೆ ಜ್ವರ ಬಂದಾಗ, ಯಾರದೋ ಕೆಟ್ಟ ಕಣ್ಣು ಬಿತ್ತೆಂದು ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಜ್ವರದ ಮೇಲೂ ನನಗೆ ಹೊಟ್ಟೆಕಿಚ್ಚಾಗಿತ್ತು. ನನಗೆ ಜ್ವರ ಬಂದರೆ ಅದು ಬರೀ ಜ್ವರ.

ಈಗ ನನ್ನ ಮಗಳು ನನ್ನ ಬಣ್ಣವನ್ನೇ ತಂದುಕೊಂಡಿದ್ದಾಳೆ. ಕಳೆದ ವರ್ಷ ತನ್ನ ಚಿತ್ರ ಬರೆದು ಮುಖಕ್ಕೆ ಬಣ್ಣದ ಪೆಟ್ಟಿಗೆಯೊಳಗಿನ ತಿಳಿಗುಲಾಬಿ ತುಂಬಿದ್ದಳು. ಯಾಕೆ ಎಂದರೆ, "ಅದ ಮೈಬಣ್ಣ ಮಮ್ಮಿ, ಟೀಚರ್ ಹೇಳ್ಯಾರ" ಅಂದಳು. ಅದಕ್ಕೇ ಆ ಪುಸ್ತಕ ತಂದದ್ದು.

ಅವ್ವ ಇರುವುದು ಬಾರಾಮತಿಯಲ್ಲಿ, ತಂಗಿಯ ಮನೆಯಲ್ಲಿ. ಬೇರೆ ಎಲ್ಲಿರುತ್ತಾಳೆ? ಮೊನ್ನೆ ನಾಲ್ಕು ದಿನಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಭಾನುವಾರ ಮಧ್ಯಾಹ್ನ ಮಗಳು ಅವಳ ತೊಡೆಗೆ ಒರಗಿ ಪುಸ್ತಕ ಬಿಚ್ಚಿದಳು. ಅವ್ವ ಮೊದಲಿನಂತೆಯೇ ಮರಾಠಿಯನ್ನು ಕನ್ನಡ ಮಾಡಿ ಓದತೊಡಗಿದಳು. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ.

"ಅಜ್ಜಿ, ಇಕಿ ನಾನು" ಎಂದು ಮಗಳು ಚಿತ್ರ ತೋರಿಸಿದಳು.

ಅವ್ವ ಕನ್ನಡಕ ಸರಿ ಮಾಡಿಕೊಂಡಳು. ಚಿತ್ರ ನೋಡಿದಳು, ಮೊಮ್ಮಗಳನ್ನು ನೋಡಿದಳು. ಇನ್ನೇನು ಹಾಳೆ ತಿರುವುತ್ತಾಳೆ ಅಂದುಕೊಂಡೆ. ತಿರುವಲಿಲ್ಲ.

"ಹೌದಲ್ಲ! ಥೇಟ್ ನೀನ! ಭಾಳ ಚಂದ ಅದಾಳ. ತಡಿ, ದೃಷ್ಟಿ ಆದೀತು."

ಎದ್ದು ಒಳಗೆ ಹೋಗಿ ಕಾಡಿಗೆ ಡಬ್ಬಿ ತಂದು ಮಗಳ ಗಲ್ಲಕ್ಕೆ ಬೊಟ್ಟಿಟ್ಟಳು. ಕಾಣಿಸಿತು. ಕಪ್ಪು ಗಲ್ಲದ ಮೇಲೆ ಕಾಡಿಗೆ ಎಷ್ಟು ಚೆನ್ನಾಗಿ ಮಿಂಚಿ ಕಾಣುತ್ತದೆಂದು ನಾನು ಅವತ್ತೇ ನೋಡಿದ್ದು. "ಇಕಿಗೂ ಹಚ್ಚು" ಎಂದು ಮಗಳು ಪುಸ್ತಕ ಹಿಡಿದಳು. ಅವ್ವ ಕಾಗದದ ಹುಡುಗಿಗೂ ಹಚ್ಚಿದಳು.

ಇದಕ್ಕಾಗಿಯೇ ಪುಸ್ತಕ ತಂದವಳು ನಾನು. ಸಂತೋಷಪಡಬೇಕಿತ್ತು. ಬದಲಿಗೆ ಹೊಟ್ಟೆಕಿಚ್ಚಾಯಿತು, ಅದೂ ಹೆತ್ತ ಮಗಳ ಮೇಲೆ.

"ಕರ್ರಗಿದ್ದವ್ರಿಗೆ ಹಚ್ಚಿದ್ರ ಕಾಣಂಗಿಲ್ಲ ಅಂತಿದ್ದೆಲ್ಲಬೇ?" ಅಂದೆ.

"ನಾ ಯಾವಾಗ ಅಂದೆ?" ಅವ್ವ ನಿಜವಾಗಿಯೂ ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ಅವಳಿಗೆ ನೆನಪೇ ಇರಲಿಲ್ಲ.

ಅವಳ ಬೆರಳಲ್ಲಿ ಇನ್ನೂ ಒಂದು ಬೊಟ್ಟಿಗಾಗುವಷ್ಟು ಕಾಡಿಗೆ ಉಳಿದಿತ್ತು. ಬಟ್ಟೆ ಮಡಚುವುದು ಬಿಟ್ಟು ನಾನು ಅವಳ ಹತ್ತಿರ ಸರಿದು ಕೂತೆ, ಗಲ್ಲ ಅವಳ ಕಡೆಗಿತ್ತು.

"ಅತ್ತಾಗ ಸರಿ, ಸೀರಿಗೆ ಹತ್ತೀತು" ಅಂದು ಅವ್ವ ಬೆರಳನ್ನು ಒರೆಸುವ ಬಟ್ಟೆಗೆ ಒರೆಸಿಕೊಂಡಳು.