ಸಕ್ರವ್ವ ಒಯ್ದ ಗಿಣ್ಣದ ಹಾಲು

ಹೊನವಾಡದಲ್ಲಿ ಎಮ್ಮೆ ಈಯಲು ಕಷ್ಟಪಟ್ಟರೆ ಜನ ಮೊದಲು ಓಡುವುದು ಸಕ್ರವ್ವನ ಮನೆಗೆ. ಐವತ್ತೆರಡರ ಈ ಹೆಂಗಸು ಓದಿದವಳಲ್ಲ. ಆದರೆ ಅಡ್ಡ ಬಿದ್ದ ಕರುವನ್ನು ಒಳಗೇ ತಿರುಗಿಸಿ ಹೊರಗೆಳೆಯುವ ಕೈ ಅವಳದು. ಕರು ಎದ್ದು ನಿಲ್ಲುವ ಮೊದಲೇ ಅದರ ಬಾಯಿಗೆ ಗಿಣ್ಣದ ಹಾಲು ಹಿಂಡುತ್ತಿದ್ದಳು. "ಮೊದಲ ಹಾಲು ಹೊಟ್ಟಿಗೆ ಬಿದ್ರ ಕರಕ್ಕ ಜುಲಾಬ ಹತ್ತಂಗಿಲ್ಲ" ಎನ್ನುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಅವಳ ಗಂಡ ಅಮೋಘಿಯ ದೊಡ್ಡ ಕರುಳಿನ ತುದಿಯಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತು. ವಿಜಯಪುರದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ದಿನ ಕರೆಂಟ್ ಕೊಡಬೇಕೆಂದರು. ವಿಕಿರಣ ಚಿಕಿತ್ಸೆಗೆ ಊರವರು ಹಾಗೆನ್ನುತ್ತಾರೆ. ಗಂಡ ಹೆಂಡತಿ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಮಧ್ಯಾಹ್ನ ಮರಳುತ್ತಿದ್ದರು. ಯಂತ್ರದ ಕೆಳಗೆ ಮಲಗಿ ಏಳುವುದರಲ್ಲಿ ನೋವೇನೂ ಇರಲಿಲ್ಲ. "ಇಷ್ಟಕ್ಕ ಎಷ್ಟ ಹೆದರಿದ್ನಿ ನೋಡು" ಎಂದು ಅಮೋಘಿ ನಕ್ಕಿದ್ದ.

ಹನ್ನೆರಡನೆಯ ದಿನದ ಹೊತ್ತಿಗೆ ಆ ನಗು ನಿಂತಿತು. ದಿನಕ್ಕೆ ಹತ್ತು ಸಲ ಜುಲಾಬ, ಜೊತೆಗೆ ರಕ್ತ. ಒಂದು ಬೆಳಿಗ್ಗೆ ಬಸ್ಸು ಟಿಕೋಟಾ ದಾಟುತ್ತಲೇ ಅವನು ಹೆಂಡತಿಯ ಕೈ ಹಿಡಿದ.

"ಸಕ್ರಿ, ಬಸ್ ನಿಂದ್ರಸು. ತಡಿಯಾಕ ಆಗವಲ್ದು."

ಕಂಡಕ್ಟರ್ ಆಸಿಫ ಸೀಟಿ ಹೊಡೆದ. ಬಸ್ಸು ನಿಲ್ಲುವಷ್ಟರಲ್ಲಿ ತಡವಾಗಿತ್ತು. ಮೂವತ್ತು ವರ್ಷ ಕುರಿ ಕಾಯ್ದ ಗಂಡಸು ದ್ರಾಕ್ಷಿ ತೋಟದ ಬೇಲಿಯ ಹಿಂದೆ ಕುಳಿತು ಮುಖ ಮುಚ್ಚಿಕೊಂಡ. ಸಕ್ರವ್ವ ಬಾಟಲಿಯ ನೀರಿನಲ್ಲಿ ಅವನ ಧೋತರ ತೊಳೆದಳು. ಆಸಿಫ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು, "ಯವ್ವಾ, ಅವಸರ ಮಾಡಬ್ಯಾಡ್ರಿ, ಸಾವಕಾಶ ಬರ್ರಿ" ಎಂದ.

ಅಂದೇ ಅಮೋಘಿಯನ್ನು ವಾರ್ಡಿಗೆ ಸೇರಿಸಿ ಸಲೈನ್ ಹಚ್ಚಿದರು. ಡಾಕ್ಟರ್ ಗೌತಮಿ ಬಿಡಿಸಿ ಹೇಳಿದರು: "ಕರೆಂಟ್ ಗಡ್ಡಿ ಸುಡತೈತ್ರಿ. ಬಾಜೂಕಿನ ಚಲೋ ಕರುಳೂ ಬೇಯತೈತಿ."

"ಅದನ್ನ ಕಾಯಾಕ ಏನೂ ಇಲ್ಲೇನ್ರಿ, ಬಾಯಾರ?" ಎಂದು ಸಕ್ರವ್ವ ಕೇಳಿದಳು.

ಗೌತಮಿ ಹೇಳಿದರು: "ಹಾಲಿನ್ಯಾಗ ಲ್ಯಾಕ್ಟೋಫೆರಿನ್ ಅಂತ ಒಂದು ಪ್ರೋಟೀನ್ ಐತಿ. ಗಿಣ್ಣದಾಗ ಭಾಳ ಇರತೈತಿ. ಇಲಿಗೋಳಿಗೆ ಕೊಟ್ಟು ನೋಡ್ಯಾರ, ಕರುಳಿಗೆ ಪೆಟ್ಟು ಕಡಿಮಿ ಆಗೈತಿ. ಆದ್ರ ಮನಷ್ಯಾರ ಈ ತ್ರಾಸಿಗೆ ಅದಿನ್ನೂ ಔಷಧ ಆಗಿಲ್ಲ."

ಸಕ್ರವ್ವನ ಕಿವಿಯಲ್ಲಿ ಉಳಿದದ್ದು ಗಿಣ್ಣ ಎಂಬ ಮಾತೊಂದೇ. ಎರಡು ದಿನಗಳ ಮೇಲೆ ಹೊನವಾಡದ ರೇಣುಕವ್ವನ ಎಮ್ಮೆ ಈಯಲು ಕಷ್ಟಪಡುತ್ತಿದೆ ಎಂದು ಕರೆ ಬಂತು. ಸಕ್ರವ್ವ ಊರಿಗೆ ಹೋಗಿ ಹೆರಿಗೆ ಮಾಡಿಸಿದಳು. ಕರು ಕುಡಿದ ಮೇಲೆ ಒಂದು ಕ್ಯಾನು ಗಿಣ್ಣ ಬೇಡಿ ಪಡೆದು, ಸೆರಗಿನಲ್ಲಿ ಮುಚ್ಚಿಕೊಂಡು ವಾರ್ಡಿಗೆ ತಂದಳು. ಲೋಟಕ್ಕೆ ಬಗ್ಗಿಸುವಾಗ ಗೌತಮಿ ಬಂದು ಕೈ ಹಿಡಿದರು.

"ಬ್ಯಾಡವ್ವಾ. ಈಗ ಅವರ ಕರುಳ ಹಾಲ ತಡಕೊಳ್ಳಂಗಿಲ್ಲ. ಜುಲಾಬ ಇನ್ನಷ್ಟ ಆಗತೈತಿ. ಹಸಿ ಹಾಲಿನ್ಯಾಗ ರೋಗದ ಹುಳಾನೂ ಇರತಾವು."

"ಆ ಗುಣ ಇದರಾಗ ಐತಿ ಅಂದ್ರಲ್ರಿ?"

"ಐತಿ. ಅದನ್ನಷ್ಟ ಬ್ಯಾರೆ ತಗದು ಕೊಟ್ಟು ನೋಡ್ಯಾರ. ನನ್ನ ಕೈಯಾಗ ಅದಿಲ್ಲವ್ವಾ."

ಅಮೋಘಿ ಗೋಡೆಯತ್ತ ಮಗ್ಗುಲಾದ. ಸಕ್ರವ್ವ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತಳು. ಸೆಕೆಗೆ ಹಾಲು ಕೆಟ್ಟು ವಾಸನೆ ಬಂದ ಮೇಲೆ ಎದ್ದು ಬಚ್ಚಲಿಗೆ ಸುರಿದಳು. ಆಮೇಲೆ ನಳದ ಸದ್ದಿನಲ್ಲಿ ಅತ್ತಳು.

ಎಂಟು ದಿನ ಬಿಟ್ಟು ಉಳಿದ ಚಿಕಿತ್ಸೆ ಮುಗಿಸಿದರು. ಗಡ್ಡೆ ಕುಗ್ಗಿತು, ಆಪರೇಷನ್ ಇನ್ನೂ ಬಾಕಿಯಿದೆ. ಕರುಳು ಮಾತ್ರ ಮೊದಲಿನಂತಾಗಿಲ್ಲ. ಅಮೋಘಿ ಕುರಿಗಳನ್ನು ತಮ್ಮ ರೇವಪ್ಪನಿಗೆ ಒಪ್ಪಿಸಿ, ಗಂಜಿ ಕುಡಿದು ಮನೆಯಲ್ಲೇ ಇರುತ್ತಾನೆ.

ಮೊನ್ನೆ ಅರಕೇರಿಯಲ್ಲಿ ಸಕ್ರವ್ವನ ಅಣ್ಣನ ಮಗಳು ಆರತಿಯ ಮದುವೆ. "ನಾ ಬಸ್ ಹತ್ತಂಗಿಲ್ಲ. ನೀ ಹೋಗಿ ಬಾ" ಎಂದ ಅಮೋಘಿ. ಅವಳು ಇಳಕಲ್ ಸೀರೆ ಉಟ್ಟು ಹೊಸ್ತಿಲವರೆಗೆ ಬಂದಿದ್ದಳು. ಹಿಂದೆ ಅವನು ಹೊಟ್ಟೆ ಹಿಡಿದು ಎದ್ದ ಸಪ್ಪಳ ಕೇಳಿತು. ಚೀಲ ಕೆಳಗಿಟ್ಟು, ತಂಬಿಗೆಗೆ ನೀರು ತುಂಬಲು ಒಳಗೆ ಹೋದಳು.