ಚಿತ್ರದಲ್ಲಿದ್ದ ಜಾಲರಿ

ಆ ಸಂಜೆ ನಾನು ಪರದೆಯ ಹಿಂದೆ ಕುಳಿತಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ಅಕ್ಕ ಅದನ್ನು ಒಪ್ಪುವುದಿಲ್ಲ. ನಾನು ಮುಂದುಗಡೆ, ಪ್ರೊಜೆಕ್ಟರಿನ ಪಕ್ಕದಲ್ಲಿ, ದೊಡ್ಡ ಮನುಷ್ಯನ ಹಾಗೆ ಕೈಕಟ್ಟಿ ನಿಂತಿದ್ದೆ ಎನ್ನುತ್ತಾಳೆ. ಇಸವಿಯೂ ಖಚಿತವಿಲ್ಲ, ಎಪ್ಪತ್ತಮೂರು ಇರಬಹುದು, ಎಪ್ಪತ್ತನಾಲ್ಕೂ ಇರಬಹುದು. ಯಾರೇ ಏನೇ ಹೇಳಿದರೂ ‘ನಿಮಗೆ ಹೇಗೆ ಗೊತ್ತು’ ಎಂದು ಕೇಳುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತು. ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳತೊಡಗಿದ ಮೇಲೆ ಆ ಸಂಜೆಯ ಅರ್ಧ ಭಾಗ ಕೈಜಾರಿ ಹೋಗಿದೆ. ಉಳಿದಿರುವುದನ್ನು ಬರೆಯುತ್ತೇನೆ. ಅನುಮಾನ ಇರುವಲ್ಲಿ ಅನುಮಾನ ಎಂದೇ ಹೇಳುತ್ತೇನೆ.

ನಾನಾಗ ಎಂ.ಎ. ಓದುತ್ತಾ ರಾಜಾಜಿನಗರದಲ್ಲಿ ಅಕ್ಕನ ಮನೆಯಲ್ಲಿದ್ದೆ. ನಾವು ದಾವಣಗೆರೆ ಕಡೆಯವರು. ಭಾವನಿಗೆ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ವಠಾರದ ಎರಡು ಕೋಣೆಗಳ ಮನೆಯಲ್ಲಿ ಸಂಸಾರ ಹೂಡಿದ್ದರು. ಹೊರಕೋಣೆ ನನ್ನದು, ಭಾವನ ಸೈಕಲ್ಲಿನದೂ ಹೌದು. ಭಾವನದು ಬೆಳಗಿನ ಪಾಳಿ. ನಸುಕಿನಲ್ಲಿ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನ ಕಾಲು ತುಳಿಯದಂತೆ ಸೈಕಲ್ ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಎಷ್ಟು ಎಚ್ಚರ ವಹಿಸಿದರೂ ಪ್ರತಿದಿನ ತುಳಿಯುತ್ತಿದ್ದರು.

ಆ ಕಾರ್ಖಾನೆಯಲ್ಲಿ ಟಾರ್ಚಿಗೂ ಸ್ಟೋವಿಗೂ ಬೇಕಾದ ತಗಡಿನ ಮುಚ್ಚಳಗಳು ತಯಾರಾಗುತ್ತಿದ್ದವು. ಭಾವ ಪವರ್ ಪ್ರೆಸ್ಸಿನ ಮುಂದೆ ಕೂರುತ್ತಿದ್ದರು. ತಗಡಿನ ಪಟ್ಟಿಯನ್ನು ಕೈಯಿಂದ ಒಳಗೆ ತಳ್ಳಿ ಕಾಲಿನಿಂದ ಪೆಡಲ್ ಒತ್ತಬೇಕು, ಮೇಲಿನಿಂದ ಭಾರವಾದ ಅಚ್ಚು ಬಂದು ಬಡಿಯುತ್ತದೆ. ಒತ್ತುವ ಮೊದಲು ಕೈ ಹೊರಗಿರಬೇಕು, ಅಷ್ಟೇ. ಕೈ ಒಳಗೆ ಹೋಗದಂತೆ ಅಚ್ಚಿನ ಮುಂದೆ ಒಂದು ಕಬ್ಬಿಣದ ಜಾಲರಿ ಇರಬೇಕು ಎಂಬುದು ಕಾನೂನು. ಕೆಲಸಗಾರರು ಅದನ್ನು ಗಾರ್ಡು ಎನ್ನುತ್ತಿದ್ದರು. ಆಗ ನನಗೆ ಆ ಮಾತೂ ಗೊತ್ತಿರಲಿಲ್ಲ, ವಸ್ತುವೂ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಸೈರನ್ ಕೂಗಿದಾಗ ಅದೇ ಪ್ರೆಸ್ಸಿಗೆ ಎರಡನೇ ಪಾಳಿಯವನೊಬ್ಬ ಬರುತ್ತಿದ್ದ. ಲಗ್ಗೆರೆಯಿಂದ ರಾಗಿ ಹೊಲಗಳ ನಡುವೆ ನಡೆದುಬರುವವನು, ಭಾವನಿಗಿಂತ ಚಿಕ್ಕವನು, ಯಾವಾಗಲೂ ಏನಾದರೊಂದು ಚುಚ್ಚು ಮಾತು ಬಾಯಲ್ಲಿಟ್ಟುಕೊಂಡಿರುವವನು. ಒಂದೇ ಮಷೀನು, ಒಂದೇ ಸ್ಟೂಲು, ಕೈ ಒರೆಸುವ ಬಟ್ಟೆಯೂ ಒಂದೇ. ಆದರೆ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದ್ದೇ ಇಲ್ಲ. ದಿನಕ್ಕೊಮ್ಮೆ ಪಾಳಿ ಬದಲಾಗುವಾಗ ಗೇಟಿನ ಹೊರಗೆ ಒಂದು ಟೀಯನ್ನು ಇಬ್ಬರು ಹಂಚಿಕೊಳ್ಳುವಷ್ಟು ಹೊತ್ತು ಮಾತ್ರ ಭೇಟಿ. ಭಾನುವಾರ ಅವನು ನಮ್ಮ ಮನೆಗೇ ಬರುತ್ತಿದ್ದ. ಅಕ್ಕನ ಜೋಳದ ರೊಟ್ಟಿ ತಿನ್ನುತ್ತಾ, “ನಿಮ್ಮೆಜಮಾನ್ರು ಸ್ಟೂಲ್ ಬಿಸಿ ಮಾಡಿಕೊಡೋದೊಂದು ಬಿಟ್ರೆ ಬೇರೆ ಏನೂ ಕೆಲ್ಸ ಮಾಡಲ್ಲ ಅಕ್ಕಾ” ಎನ್ನುತ್ತಿದ್ದ. ಭಾವ ನಗುತ್ತಿರಲಿಲ್ಲ, ಆದರೆ ಅವನು ಬಾರದ ಭಾನುವಾರ ಬಾಗಿಲ ಕಡೆ ನೋಡುತ್ತಿದ್ದರು.

ಸಾಕ್ಷ್ಯಚಿತ್ರದ ಹುಚ್ಚು ಹತ್ತಿದ್ದು ನನ್ನ ಗೆಳೆಯನಿಗೆ. ವಿಶ್ವವಿದ್ಯಾಲಯದಲ್ಲಿ ನನಗಿಂತ ಮುಂದಿದ್ದ. ಎಲ್ಲಿಂದಲೋ ಹದಿನಾರು ಎಂ.ಎಂ. ಕ್ಯಾಮೆರಾ ಕಡ ತಂದಿದ್ದ. ಒಂದು ಕಂಪನಿಗೆ ತನ್ನ ಸುತ್ತಲಿನ ಜನರ ಮೇಲೆ ಎಷ್ಟು ಅಧಿಕಾರವಿದೆ, ಅದು ಯಾರಿಗೆ ಉತ್ತರ ಕೊಡಬೇಕು ಎಂದು ಕೇಳುವ ಚಿತ್ರ ಮಾಡಬೇಕೆಂದು ಹೊರಟ. ಕಾರ್ಖಾನೆಯ ಹಿಂದಿನ ಮೋರಿಯಲ್ಲಿ ಹರಿಯುವ ಬಣ್ಣದ ನೀರು, ಬೆಳಿಗ್ಗೆ ಗೇಟಿನ ಮುಂದೆ ದಿನಗೂಲಿಗೆ ನಿಲ್ಲುವ ಜನ, ಎಣ್ಣೆಯ ವಾಸನೆಯ ಬಾವಿ, ಎಲ್ಲವನ್ನೂ ತೆಗೆದ. ಒಳಗೂ ತೆಗೆಯಬೇಕೆಂದು ಅರ್ಜಿ ಹಾಕಿದಾಗ ಆಡಳಿತದವರು ಒಪ್ಪಿಬಿಟ್ಟರು. ಅವರು ಹೆದರಿದರು, ಅದಕ್ಕೇ ಒಪ್ಪಿದರು ಎಂದು ನಾವು ಲೆಕ್ಕ ಹಾಕಿದೆವು. ಅವನು ಒಂದು ದಿನ ಬೆಳಗಿನ ಪಾಳಿಯಲ್ಲಿ ಪ್ರೆಸ್ ಷೆಡ್ಡಿನೊಳಗೆ ಹೋಗಿ ತೆಗೆದುಕೊಂಡು ಬಂದ. ಹೇಗಿತ್ತು ಎಂದು ಭಾವನನ್ನು ಕೇಳಿದ್ದು ನೆನಪಿದೆ. “ಲೈಟು ಜಾಸ್ತಿ ಇತ್ತು” ಎಂದರು.

ಕೆಲವು ವಾರಗಳಾದ ಮೇಲೆ, ಎರಡನೇ ಪಾಳಿಯಲ್ಲಿ, ಆ ಪ್ರೆಸ್ಸು ಲಗ್ಗೆರೆಯವನ ಬಲಗೈಯ ಬೆರಳುಗಳನ್ನು ಕತ್ತರಿಸಿತು. ಹೆಬ್ಬೆರಳೊಂದು ಉಳಿಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನು ಕೆಲಸದಿಂದ ತೆಗೆದರು. ಗಾರ್ಡು ಇತ್ತು, ಬೇಗ ಬೇಗ ಕೆಲಸ ಆಗಲೆಂದು ಅವನೇ ಬೇಕೆಂದು ಕಳಚಿಟ್ಟ ಎಂಬುದು ಕಂಪನಿಯ ಮಾತು. ಹಾಗೆ ಕಳಚಿದವನಿಗೆ ಪರಿಹಾರವೂ ಇಲ್ಲ ಎನ್ನುತ್ತದೆ ಕಾನೂನು. ಆ ಷೆಡ್ಡಿನಲ್ಲಿ ಗಾರ್ಡು ಎಂಬುದನ್ನು ತಾನು ಕಣ್ಣಿನಿಂದ ಕಂಡೇ ಇಲ್ಲ ಎಂಬುದು ಅವನ ಮಾತು. ಎರಡರಲ್ಲಿ ಯಾವುದನ್ನು ನಂಬಬೇಕೆಂದು ತೀರ್ಮಾನಿಸಲು ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆ ಇತ್ತು. ಅವನಿಗೆ ಹೆಂಡತಿ ಇದ್ದಳು, ಹಾಲು ಕುಡಿಯುವ ಮಗು ಇತ್ತು, ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ.

ನನಗೆ ತಕ್ಷಣ ಹೊಳೆದದ್ದು ಚಿತ್ರ. ಗೆಳೆಯನನ್ನು ಕೇಳಿದೆ. ಇಡೀ ಷೆಡ್ಡು ತೆಗೆದಿದ್ದೇನೆ, ಎಲ್ಲಾ ಮಷೀನುಗಳೂ ಇವೆ ಎಂದ. ನೀನು ಜಾಲರಿ ನೋಡಿದೆಯಾ ಎಂದು ಕೇಳಿದರೆ ಅವನಿಗೂ ಜಾಲರಿ ಎಂದರೇನೆಂದು ಗೊತ್ತಿರಲಿಲ್ಲ. ಮುಖಗಳನ್ನು ನೋಡಿದೆ ಎಂದ. ಆದರೂ ಚಿತ್ರದಲ್ಲಿ ಜಾಲರಿ ಇರಲಾರದು ಎಂಬುದರಲ್ಲಿ ನಮಗೆ ಸಂಶಯ ಬರಲಿಲ್ಲ. ಚಿತ್ರ ಮದ್ರಾಸಿನ ಲ್ಯಾಬಿನಿಂದ ಬಂದ ಮೇಲೆ ಮೊದಲ ಪ್ರದರ್ಶನ ಇಲ್ಲೇ, ಕಾರ್ಖಾನೆಯ ಜನರ ಮುಂದೆಯೇ ಆಗಲಿ ಎಂದು ನಿಶ್ಚಯಿಸಿದೆವು. ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಗೆಳೆಯ ಕಂಪನಿಯ ಅಧಿಕಾರಿಯನ್ನೂ ಕರೆದ.

ಆ ಭಾನುವಾರ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಲಗ್ಗೆರೆಯವನು ಎಡಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದ. “ನೋಡು ಗುರು, ನಮ್ಮ ಮಷೀನು ಸಿನಿಮಾದಲ್ಲಿ ಬರುತ್ತಂತೆ” ಎಂದು ಭಾವನಿಗೆ ಹೇಳಿದ. ಭಾವ ತಲೆ ಎತ್ತಲಿಲ್ಲ. ಅವನು ಹೋದ ಮೇಲೆ ನನ್ನನ್ನು ನಲ್ಲಿಯ ಹತ್ತಿರ ಕರೆದು, “ಸಿನಿಮಾ ಗಿನಿಮಾ ಎಲ್ಲ ಯಾಕೋ? ಸುಮ್ನಿರಬಾರ್ದಾ?” ಎಂದರು. ಕೆಲಸದ ಭಯ ಎಂದುಕೊಂಡೆ. ಅಷ್ಟು ಮಾತ್ರ ಸರಿಯಾಗಿ ಊಹಿಸಿದ್ದೆ.

ರಾಜಾಜಿನಗರ ಮುಗಿದು ಬಸವೇಶ್ವರನಗರಕ್ಕೆ ಸೈಟು ಅಳೆದು ಕಲ್ಲು ನೆಟ್ಟಿದ್ದ ಕಡೆ ಒಂದು ಬಯಲಿತ್ತು. ಎರಡು ಬಿದಿರುಗಳ ನಡುವೆ ಎರಡು ಬಿಳಿ ಪಂಚೆಗಳನ್ನು ಜೋಡಿಸಿ ಹೊಲಿದು ಕಟ್ಟಿದ್ದರು. ಹತ್ತಿರದ ಮನೆಯಿಂದ ಕರೆಂಟಿನ ವೈರು ಎಳೆದಿದ್ದರು. ಮುಂದೆ ಜಾಗ ತುಂಬಿದ ಮೇಲೆ ಜನ ಪರದೆಯ ಹಿಂದೆಯೂ ಕುಳಿತರು. ತೆಳು ಬಟ್ಟೆಯಲ್ಲವೇ, ಹಿಂದಿನಿಂದಲೂ ಕಾಣುತ್ತದೆ, ಎಡ ಬಲ ಅದಲುಬದಲು, ಅಷ್ಟೇ. ನಾನು ಅಲ್ಲಿದ್ದೆ ಎಂದುಕೊಳ್ಳಲು ನನಗಿರುವ ಕಾರಣ ಇದೊಂದೇ: ಪ್ರೆಸ್ಸಿನ ಮುಂದೆ ಕುಳಿತಿದ್ದವನ ಮುಖ ಪರದೆಯ ತುಂಬ ಬಂದಾಗ ಅದು ಯಾರೆಂದು ನನಗೆ ಗೊತ್ತಾಗಲಿಲ್ಲ. ಬೈತಲೆ ತಪ್ಪು ಬದಿಗಿತ್ತು. ಹಣೆಯ ವಿಭೂತಿ ನೋಡಿದ ಮೇಲೆ ಭಾವ ಎಂದು ಹೊಳೆಯಿತು.

ಹೊಸ ಸಮವಸ್ತ್ರ ಹಾಕಿದ್ದರು. ಅವರ ಮುಂದೆ, ಅಚ್ಚಿಗೂ ಅವರ ಕೈಗಳಿಗೂ ನಡುವೆ, ಹಳದಿ ಬಣ್ಣದ್ದಿರಬೇಕು, ಕಪ್ಪು ಬಿಳುಪಿನಲ್ಲಿ ಹೊಳೆಯುವ ಬೂದು, ಒಂದು ಜಾಲರಿ ಇತ್ತು. ಪಕ್ಕದ ಪ್ರೆಸ್ಸಿಗೂ ಇತ್ತು. ಕ್ಯಾಮೆರಾ ನಿಧಾನವಾಗಿ ಷೆಡ್ಡಿನ ಉದ್ದಕ್ಕೂ ಹೋಯಿತು. ಸಾಲಿಗೆ ಸಾಲೇ ಜಾಲರಿ. ಹಿನ್ನೆಲೆಯಲ್ಲಿ ಗೆಳೆಯನ ದನಿ ಕಂಪನಿಗಳ ಹೊಣೆಗಾರಿಕೆಯ ಬಗ್ಗೆ ಏನೋ ಹೇಳುತ್ತಲೇ ಇತ್ತು.

ಸುತ್ತಲಿನವರ ಮುಖ ನೋಡಿದೆ. ಬೆಳಗಿನ ಪಾಳಿಯವರು ಹೆಚ್ಚುಕಡಿಮೆ ಎಲ್ಲರೂ ಆ ಬಯಲಿನಲ್ಲಿದ್ದರು. ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಅವರಿಗೆಲ್ಲ ಗೊತ್ತಿತ್ತು. ತಿಳಿಯದವರು ನಾನು, ನನ್ನ ಗೆಳೆಯ, ಮತ್ತೆ ಆ ಎರಡನೇ ಪಾಳಿಯವನು.

ಚಿತ್ರ ಮುಗಿದಾಗ ಕಂಪನಿಯ ಅಧಿಕಾರಿ ಕುರ್ಚಿಯಿಂದೆದ್ದು ಬಂದು ಗೆಳೆಯನ ಕೈ ಕುಲುಕಿದ. ಮೋರಿಯ ವಿಷಯದಲ್ಲಿ ನೀವು ಹೇಳಿದ್ದು ನಮಗೂ ಯೋಚಿಸುವಂಥದ್ದೇ, ಈ ಪ್ರತಿಯನ್ನು ನಮ್ಮ ಕೆಲಸಗಾರರಿಗೆಲ್ಲ ತೋರಿಸಬೇಕು, ಸ್ವಲ್ಪ ದಿನ ಕೊಡಿ ಎಂದ. ಗೆಳೆಯನಿಗೆ ಇನ್ನೂ ಅರ್ಥವಾಗಿರಲಿಲ್ಲ. ಸಂತೋಷದಿಂದ ರೀಲಿನ ಡಬ್ಬಿ ಎತ್ತಿಕೊಟ್ಟ. ನಾನು ಜನರ ನಡುವೆ ನುಗ್ಗಿಕೊಂಡು ಬರುವ ಹೊತ್ತಿಗೆ ಕಾರು ಹೋಗಿತ್ತು. ಈ ನುಗ್ಗಿ ಬಂದದ್ದೂ ನಿಜವೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ಹೇಳಲಾರೆ.

ಲಗ್ಗೆರೆಯವನು ಮನೆಗೆ ಹೋಗಲಿಲ್ಲ. ನಮ್ಮ ಜೊತೆ ವಠಾರದವರೆಗೂ ನಡೆದು ಬಂದ. ಬಾಗಿಲಲ್ಲೇ ನಿಂತು ಭಾವನನ್ನು ಕೇಳಿದ.

“ಅವತ್ತು ಹಾಕಿದ್ರಾ ಗುರು?”

“ಹಾಕಿದ್ರು.”

“ಯಾವಾಗ ಬಿಚ್ಚಿದ್ರು?”

“ನೀನು ಬರೋದ್ರೊಳಗೆ.”

“ಟೀ ಕುಡಿದ್ವಲ್ಲ ಅವತ್ತು. ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಗೇಟಿಂದಾಚೆ ಅಂದಿದ್ರು. ಹೇಳಿದ್ರೂ ನೀನೇನು ಮಾಡ್ತಿದ್ದೆ?”

ಅವನು ಸ್ವಲ್ಪ ಯೋಚಿಸಿದ. “ಸ್ವಲ್ಪ ಬೇಗ ಬರ್ತಿದ್ದೆ. ನಾನೂ ಒಂದಿನ ಗಾರ್ಡು ಹಾಕ್ಕೊಂಡು ರಾಜನ ಥರ ಕೂತ್ಕೋತಿದ್ದೆ” ಎಂದ. ನಗುತ್ತಾನೆಂದು ಮುಖ ನೋಡಿದೆ. ನಗುತ್ತಿರಲಿಲ್ಲ. ಅಕ್ಕ ಒಳಗಿನಿಂದ ಬಂದು ಊಟಕ್ಕೆ ಕರೆದಳು. ಅವನು ಬೇಡವೆಂದು ಬಯಲಿನ ಕಡೆಗೇ ತಿರುಗಿ ಹೋದ.

ವಿಚಾರಣೆಯಲ್ಲಿ ಕಂಪನಿ ಮುಂದಿಟ್ಟ ಮುಖ್ಯ ಸಾಕ್ಷ್ಯ ನಮ್ಮ ಚಿತ್ರ. ರೀಲು ಓಡಿಸಲಿಲ್ಲ, ಅದರೊಳಗಿಂದ ಮಾಡಿಸಿದ ಕೆಲವು ಫೋಟೋಗಳನ್ನು ಮೇಜಿನ ಮೇಲೆ ಹರಡಿದರಂತೆ. ಪ್ರತಿ ಫೋಟೋದಲ್ಲೂ ಜಾಲರಿ. ಇದನ್ನು ತೆಗೆದವರು ನಮ್ಮ ಜನರಲ್ಲ, ನಮ್ಮನ್ನು ಟೀಕಿಸಲೆಂದೇ ಬಂದ ಹುಡುಗರು ಎಂದು ವಕೀಲರು ವಿವರಿಸಿದರಂತೆ. ಅದಕ್ಕಿಂತ ದೊಡ್ಡ ಯೋಗ್ಯತಾಪತ್ರ ಆ ಫೋಟೋಗಳಿಗೆ ಬೇಕಿರಲಿಲ್ಲ. ಗೆಳೆಯ ಡಬ್ಬಿ ಕೇಳಿಕೊಂಡು ಗೇಟಿಗೆ ಹೋದಾಗಲೆಲ್ಲ ಸಾಹೇಬರು ಊರಲ್ಲಿಲ್ಲ ಎಂದರು. ನೆಗೆಟಿವ್ ಮದ್ರಾಸಿನಲ್ಲಿತ್ತು. ಅಲ್ಲಿ ಇನ್ನೊಂದು ಪ್ರತಿ ಮಾಡಿಸುವಷ್ಟು ನಮ್ಮ ಕೈಯಲ್ಲಿರಲಿಲ್ಲ. ಆಮೇಲೆ ಅವನು ಕೆಲಸ ಹುಡುಕಿ ಬೊಂಬಾಯಿಗೆ ಹೋದ.

ಇಲ್ಲಿಂದ ಮುಂದಿನದಕ್ಕೆ ಭಾವನ ಮಾತೊಂದೇ ಆಧಾರ. ತಾನು ವಿಚಾರಣೆಗೆ ಹೋಗಿ ಲಗ್ಗೆರೆಯವನ ಪರವಾಗಿ ಸಾಕ್ಷಿ ಹೇಳಿದೆ ಎಂದು ಅವರು ಒಂದು ಸಂಜೆ ಹೊರಕೋಣೆಯಲ್ಲಿ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ನನಗೆ ಹೇಳಿದರು.

“ಅವು ಸುಳ್ಳು ಗಾರ್ಡು ಕಣೋ. ರಾತ್ರೋರಾತ್ರಿ ಮಾಡಿಸಿದ್ದು. ಅಳತೆ ಸರಿ ಇರ್ಲಿಲ್ಲ, ತಗಡೇ ಒಳಗೆ ಹೋಗ್ತಿರ್ಲಿಲ್ಲ. ಕ್ಯಾಮೆರಾ ಮುಂದೆ ಸುಮ್ನೆ ಪೆಡಲ್ ಒತ್ತಿದ್ವಿ, ಖಾಲಿ. ವಿಚಾರಣೆ ಸಾಹೇಬ್ರಿಗೆ ಅದನ್ನೇ ಹೇಳ್ದೆ.”

“ಅವರೇನಂದರು ಭಾವ?”

“ಫೋಟೋದಲ್ಲಿ ಹಾಗೇನೂ ಕಾಣಲ್ಲವಲ್ಲ ಅಂದ್ರು.”

ಲಗ್ಗೆರೆಯವನಿಗೆ ಪರಿಹಾರ ಸಿಗಲಿಲ್ಲ. ಇದರಲ್ಲಿ ಅನುಮಾನವಿಲ್ಲ. ಅವನ ಹೆಂಡತಿ ವಿಜಯನಗರದ ಮಾರ್ಕೆಟ್ಟಿನ ಹತ್ತಿರ ಹೂವು ಕಟ್ಟಿ ಮಾರುವುದನ್ನು ನಾನೇ ನೋಡಿದ್ದೇನೆ. ಅವನು ಪಕ್ಕದಲ್ಲಿ ಮಗುವನ್ನು ಎಡಗೈಯಲ್ಲಿ ಎತ್ತಿಕೊಂಡಿರುತ್ತಿದ್ದ. ಆಮೇಲೆ ಕೆಂಗೇರಿ ಕಡೆ ಎಲ್ಲೋ ಹೋದರೆಂದು ಕೇಳಿದೆ. ನಮ್ಮ ಮನೆಗೆ ಮತ್ತೆ ಬರಲಿಲ್ಲ.

ಭಾವನನ್ನು ಎರಡನೇ ಪಾಳಿಗೆ ಹಾಕಿದರು. ಅದೇ ಪ್ರೆಸ್ಸಿಗೆ, ಅವನು ಕುಳಿತಿದ್ದ ಹೊತ್ತಿಗೆ, ಜಾಲರಿ ಇಲ್ಲದೆಯೇ. ಆ ಸುದ್ದಿ ಕೇಳಿದ ದಿನ ಅಕ್ಕ ಒಲೆಯ ಮೇಲಿನ ಹಂಚನ್ನು ಮರೆತು ರೊಟ್ಟಿ ಕರಕಲು ಮಾಡಿದಳು. ಅಲ್ಲಿಂದ ಮುಂದೆ ಭಾವ ಬಂದ ಕೂಡಲೇ ಅವರ ಕೈಗೆ ತಾನೇ ನೀರು ಹಾಕುತ್ತಿದ್ದಳು. ಚೊಂಬು ಹಿಡಿದು ಎರಡೂ ಕೈಗಳನ್ನು ನೋಡಿ, ಆಮೇಲೆ ಮುಖ ನೋಡುತ್ತಿದ್ದಳು. ಸಾಕ್ಷಿ ಹೇಳಿದ್ದಕ್ಕೆ ಶಿಕ್ಷೆ ಅದು ಎಂದು ನಾನು ಬಹಳ ವರ್ಷ ನಂಬಿದ್ದೆ.

ಆದರೆ ಭಾವ ತೀರಿಕೊಂಡ ಮೇಲೆ ಅಕ್ಕ ಬೇರೆಯೇ ಮಾತು ಹೇಳಿದಳು. ವಿಚಾರಣೆಯ ದಿನ ತಾವಿಬ್ಬರೂ ದಾವಣಗೆರೆಯಲ್ಲಿ ಮದುವೆಯೊಂದರಲ್ಲಿ ಇದ್ದೆವು, ಅವರು ಯಾವ ಸಾಕ್ಷಿಯನ್ನೂ ಹೇಳಿಲ್ಲ ಎಂದಳು. ಪಾಳಿ ಬದಲಾಗುವುದು ಕಾರ್ಖಾನೆಗಳಲ್ಲಿ ಹೊಸತೇನಲ್ಲ. ಹಾಗಾದರೆ ಭಾವ ನನಗೆ ಹೇಳಿದ್ದೆಲ್ಲ ಕಟ್ಟುಕಥೆಯೇ? ಹೇಳಬೇಕಾಗಿದ್ದನ್ನು ಹೇಳಿದೆ ಎಂದು ನನ್ನ ಮುಂದೆ ಹೇಳಿಕೊಂಡರೇ? ಇಲ್ಲವೇ ಅಕ್ಕ ಹೇಳುವ ಆ ಮದುವೆ ಬೇರೆ ಯಾವುದೋ ವರ್ಷದ್ದೇ? ಕೇಳಬಹುದಾಗಿದ್ದ ಒಬ್ಬನೇ ಒಬ್ಬನ ವಿಳಾಸ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಕೆಂಗೇರಿ ಉಪನಗರದಲ್ಲಿ ಎರಡು ಭಾನುವಾರ ಅಲೆದೆ. ಹೆಬ್ಬೆರಳೊಂದೇ ಉಳಿದ ಕೈಯವನು ಎಂದು ಗುರುತು ಹೇಳಿ ವಿಚಾರಿಸುವುದು ನನಗೇ ಅಸಹ್ಯವೆನಿಸಿ ವಾಪಸು ಬಂದೆ.

ಬಹಳ ವರ್ಷಗಳ ಮೇಲೆ ಮದ್ರಾಸಿನ ಲ್ಯಾಬು ಮುಚ್ಚುವಾಗ ನೆಗೆಟಿವ್ ಗೆಳೆಯನ ಕೈಗೆ ಬಂತು. ವೀಡಿಯೊ ಕ್ಯಾಸೆಟ್ಟಿಗೆ ಹಾಕಿಸಿ ನನಗೊಂದು ಕಳಿಸಿದ. ಒಬ್ಬನೇ ಕುಳಿತು ಹಾಕಿದೆ. ಪ್ರೆಸ್ ಷೆಡ್ಡಿನ ದೃಶ್ಯ ನಾನು ನೆನಪಿಟ್ಟುಕೊಂಡದ್ದಕ್ಕಿಂತ ಬಹಳ ಚಿಕ್ಕದು. ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಮತ್ತೆ ನೋಡಿದೆ. ಭಾವ ಸಾಕ್ಷಿ ಹೇಳಿದರೋ ಇಲ್ಲವೋ ಈ ಕ್ಯಾಸೆಟ್ಟಿನಿಂದ ತಿಳಿಯುವುದಿಲ್ಲ. ಇದೊಂದನ್ನು ಮಾತ್ರ ಖಚಿತಪಡಿಸಿಕೊಂಡಿದ್ದೇನೆ: ಕ್ಯಾಮೆರಾ ಷೆಡ್ಡಿನ ಆ ತುದಿಯಿಂದ ಈ ತುದಿಗೆ ಹೋಗುವಷ್ಟು ಹೊತ್ತೂ ಎಲ್ಲರ ಕಾಲೂ ಪೆಡಲ್ ಒತ್ತುತ್ತಲೇ ಇದೆ, ಅಚ್ಚುಗಳು ಮೇಲೆ ಕೆಳಗೆ ಆಡುತ್ತಲೇ ಇವೆ, ಯಾವ ಪ್ರೆಸ್ಸಿನೊಳಗೂ ತಗಡಿಲ್ಲ.