ಅರ್ಜಿಯಲ್ಲಿ ಹೌದು ಎಂದು ಬರೆದ ಮೇಲೆ

ಶಾಲೆಯ ಕೆಲಸಕ್ಕೆ ಅರ್ಜಿ ತುಂಬುವಾಗ ಮೊದಲ ಎರಡು ಪುಟ ನನಗೆ ಕಷ್ಟವಾಗುವುದಿಲ್ಲ. ಬಿ.ಎಸ್ಸಿ., ಬಿ.ಎಡ್. ವಿಜ್ಞಾನ ಮತ್ತು ಗಣಿತ. ಕನ್ನಡ, ತೆಲುಗು, ಇಂಗ್ಲಿಷ್ ಬರುತ್ತವೆ. ಕೊನೆಯ ಪುಟಕ್ಕೆ ಬಂದಾಗ ಕೈ ನಿಧಾನವಾಗುತ್ತದೆ. ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ, ಶಿಕ್ಷೆಯಾಗಿದೆಯೇ ಎಂದು ಅಲ್ಲಿ ಕೇಳಿರುತ್ತಾರೆ. ಪಕ್ಕದಲ್ಲಿ ಎರಡು ಚೌಕ. ಒಂದರ ಮುಂದೆ ಹೌದು, ಒಂದರ ಮುಂದೆ ಇಲ್ಲ.

ನನ್ನ ಮೇಲೆ ಪ್ರಕರಣವಿತ್ತು. ಶಿಕ್ಷೆಯೂ ಆಗಿತ್ತು.

ಆಗ ನಾನು ಇಪ್ಪತ್ಮೂರರ ಹುಡುಗಿ. ಬಿ.ಎಡ್. ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೆ. ನಮ್ಮೂರು ರಾಯಲ್ಪಾಡಿನ ಕಡೆಯದು. ಅಪ್ಪನಿಗೂ ಅವರ ಅಣ್ಣನಿಗೂ ಜಮೀನು ಭಾಗವಾಗಿ ಬಹಳ ವರ್ಷವಾಗಿತ್ತು. ನಮ್ಮ ಹಿಪ್ಪುನೇರಳೆ ತೋಟಕ್ಕೆ ಹೋಗಬೇಕಾದರೆ ದೊಡ್ಡಪ್ಪನ ಮಾವಿನ ತೋಪಿನ ಅಂಚಿನಲ್ಲೇ ನಡೆಯಬೇಕು. ಆ ಕಾಲುದಾರಿಯನ್ನು ದೊಡ್ಡಪ್ಪ ಒಂದು ಬೆಳಗ್ಗೆ ಟ್ರ್ಯಾಕ್ಟರ್ ಬಿಟ್ಟು ಉತ್ತುಬಿಟ್ಟರು. ಅಮ್ಮ ಸೊಪ್ಪಿನ ಹೊರೆ ಹೊತ್ತು ಉತ್ತ ಮಣ್ಣಿನಲ್ಲೇ ಬಂದಳು. ನಾನು ಹಿಂದೆ ಇದ್ದೆ. ದೊಡ್ಡಪ್ಪ ಅಡ್ಡ ನಿಂತರು. ಮಾತು ಬೆಳೆಯಿತು, ಹೊರೆ ಕೆಳಗೆ ಬಿತ್ತು, ಅಮ್ಮನೂ ಕೆಳಗೆ ಕೂತಳು. ನನ್ನ ಕೈಯಲ್ಲಿ ಸೊಪ್ಪು ಕೊಯ್ಯುವ ಕುಡುಗೋಲಿತ್ತು. ಬೀಸಿದೆ. ದೊಡ್ಡಪ್ಪನ ಬಲಗೈಗೆ ಬಿತ್ತು. ಅವರ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಜಾಮೀನು ಸಿಗುವವರೆಗೆ ಹನ್ನೊಂದು ದಿನ ಜೈಲಿನಲ್ಲಿದ್ದೆ. ಕೇಸು ಐದು ವರ್ಷ ನಡೆಯಿತು. ದೊಡ್ಡಪ್ಪ ಅಮ್ಮನನ್ನು ಎರಡೂ ಕೈಯಿಂದ ತಳ್ಳಿದರು, ತಾಯಿಯನ್ನು ಉಳಿಸಿಕೊಳ್ಳಲು ನಾನು ಹಾಗೆ ಮಾಡಿದೆ ಎಂದು ನಮ್ಮ ವಕೀಲರು ವಾದಿಸಿದರು. ನಾನೂ ಹಾಗೇ ಹೇಳಿದೆ. ಅಮ್ಮನೂ ಸಾಕ್ಷಿಕಟ್ಟೆಯಲ್ಲಿ ನಿಂತು ಹಾಗೇ ಹೇಳಿದಳು. ನ್ಯಾಯಾಧೀಶರು ಅಪರಾಧ ಸಾಬೀತಾಗಿದೆ ಎಂದರು. ವಯಸ್ಸು ಚಿಕ್ಕದು, ತಾಯಿಯ ವಿಷಯ ಎಂದು ಪರಿಗಣಿಸಿ, ಒಳಗಿದ್ದ ದಿನಗಳನ್ನೇ ಶಿಕ್ಷೆ ಎಂದು ಎಣಿಸಿ ದಂಡ ಹಾಕಿ ಬಿಟ್ಟರು. ಮುಗಿಯಿತು ಎಂದುಕೊಂಡು ಮನೆಗೆ ಬಂದೆವು.

ಮದುವೆಯಾದ ಮೇಲೆ ಮಾಲೂರಿಗೆ ಹೋದೆ. ಯಜಮಾನರು ಲಕ್ಕೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಮನೆಯ ಹತ್ತಿರದ ಸಣ್ಣ ಶಾಲೆಯವರು ಅರ್ಜಿಯನ್ನೇ ಕೇಳಲಿಲ್ಲ, ಅಂಕಪಟ್ಟಿ ನೋಡಿ ಸೋಮವಾರದಿಂದ ಬನ್ನಿ ಎಂದರು. ಮೂರು ವರ್ಷ ಚೆನ್ನಾಗಿಯೇ ಪಾಠ ಮಾಡಿದೆ. ನಾಲ್ಕನೇ ವರ್ಷ ಸಿಬ್ಬಂದಿಯೆಲ್ಲ ಪೊಲೀಸ್ ಪರಿಶೀಲನೆಯ ಪತ್ರ ತರಬೇಕು ಎಂಬ ಸೂಚನೆ ಬಂತು. ಯಾರಾದರೂ ಕೇಳುವ ಮೊದಲೇ ನಾನು ರಾಜೀನಾಮೆ ಬರೆದುಕೊಟ್ಟೆ. ಕಾರಣ, ಅತ್ತೆಯ ಅನಾರೋಗ್ಯ. ಜೊತೆಯ ಶಿಕ್ಷಕಿಯರು ಹಣ್ಣು ತೆಗೆದುಕೊಂಡು ನೋಡಲು ಬಂದಾಗ ಅತ್ತೆ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದರು. "ನಂಗೇನಾಗಿದೆ? ಯಾರು ಹೇಳಿದ್ದು?" ಎಂದು ಅವರನ್ನೇ ಕೇಳಿದರು. ಆಮೇಲೆ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಯಜಮಾನರಿಗೆ ಶ್ರೀನಿವಾಸಪುರದ ಮಾವಿನ ತಿರುಳು ಮಾಡುವ ಘಟಕದಲ್ಲಿ ಕೆಲಸ ಸಿಕ್ಕಿ ಈ ಕಡೆ ಬಂದೆವು. ಮುಳಬಾಗಿಲಿನ ಒಂದು ಶಾಲೆಗೆ ಅರ್ಜಿ ಹಾಕಿದೆ. ಹೌದು ಎಂಬ ಚೌಕದಲ್ಲಿ ಗುರುತು ಹಾಕಿದ್ದೆ. ಉತ್ತರವೇ ಬರಲಿಲ್ಲ. ಕೋಲಾರದ ಇನ್ನೊಂದು ಶಾಲೆಯಲ್ಲಿ ಪಾಠ ಮಾಡಿ ತೋರಿಸಲು ಹೇಳಿದರು. ದ್ಯುತಿಸಂಶ್ಲೇಷಣೆಯ ಪಾಠ ಮಾಡಿದೆ. ಗಂಟೆ ಹೊಡೆದ ಮೇಲೂ ಮಕ್ಕಳು ಪ್ರಶ್ನೆ ಕೇಳುತ್ತಿದ್ದರು. ಪ್ರಿನ್ಸಿಪಾಲರು ಕಾಫಿ ತರಿಸಿದರು. ಕಾಫಿ ಕುಡಿಯುತ್ತಾ ಅರ್ಜಿಯ ಕೊನೆಯ ಪುಟ ತಿರುವಿದರು. ಲೋಟ ಮೇಜಿನ ಮೇಲಿಟ್ಟು, "ತಿಳಿಸ್ತೀವಿ ಮೇಡಂ" ಎಂದರು. ಬಸ್ ನಿಲ್ದಾಣದವರೆಗೆ ನಡೆದುಕೊಂಡೇ ಬಂದೆ. ಆಟೋದವರು ಕರೆದರೂ ಹತ್ತಬೇಕು ಅನ್ನಿಸಲಿಲ್ಲ.

"ಇಲ್ಲ ಅಂತ ಬರಿ ಕಣೇ. ಯಾರು ನೋಡ್ತಾರೆ?" ಎಂದರು ಯಜಮಾನರು.

"ಒಂದ್ಸಲ ಓಡಿಬಂದಿದ್ದಾಯ್ತು. ಇನ್ನೊಂದ್ಸಲ ಓಡೋಕಾಗಲ್ಲ."

"ಹಂಗಾದ್ರೆ ಮನೇಲೇ ಟ್ಯೂಷನ್ ಮಾಡು."

ಒಂದೂವರೆ ವರ್ಷ ಅದನ್ನೇ ಮಾಡಿದೆ.

ಶ್ರೀನಿವಾಸಪುರದ ಅಂಚಿನಲ್ಲಿರುವ ಈಗಿನ ಶಾಲೆಗೆ ಅರ್ಜಿ ಹಾಕಿದ್ದು ಆಮೇಲೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಸರ್ಕಾರಿ ಶಾಲೆಯಿಂದ ನಿವೃತ್ತರಾದವರು. ಅವರು ಅರ್ಜಿಯನ್ನು ಹಿಂದಿನಿಂದ ಮುಂದಕ್ಕೆ ಓದಿದರು. ಕೊನೆಯ ಪುಟ ಮೊದಲು.

"ಏನಾಯ್ತು, ಹೇಳಿ" ಎಂದರು.

ವಕೀಲರು ಕಲಿಸಿದ್ದನ್ನೇ ಹೇಳಿದೆ. ದೊಡ್ಡಪ್ಪ ಅಮ್ಮನನ್ನು ತಳ್ಳಿದರು, ಉಳಿಸಿಕೊಳ್ಳಲು ನಾನು ಹಾಗೆ ಮಾಡಿದೆ. ಅಷ್ಟು ವರ್ಷ ಹೇಳಿ ಹೇಳಿ ಅದು ಪಾಠದ ಹಾಗೆ ಬಾಯಿಗೆ ಬರುತ್ತಿತ್ತು. ಅವರು ತಲೆಯಾಡಿಸಿದರು.

"ನನ್ನೊಬ್ಬಳ ಕೈಯಲ್ಲಿಲ್ಲಮ್ಮ. ಆಡಳಿತ ಮಂಡಳಿಯವರು ಒಪ್ಪಬೇಕು. ಪೊಲೀಸ್ ಪತ್ರ ತನ್ನಿ, ತೀರ್ಪಿನ ನಕಲು ತನ್ನಿ."

ಆನ್‌ಲೈನಿನಲ್ಲಿ ಅರ್ಜಿ ಹಾಕಿ ಠಾಣೆಗೆ ಹೋದೆ. ಕಡತ ನೋಡುವ ಪೊಲೀಸಿನವರು ನನ್ನ ವಯಸ್ಸಿನವರೇ. ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಂಪ್ಯೂಟರ್ ನೋಡಿದರು.

"ಮೇಡಂ, ಇದು ನೀವೇನಾ?"

"ನಾನೇ."

"ಇದ್ದಿದ್ದನ್ನ ಇದ್ದಂಗೆ ಬರೀಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ."

ಬರೆಯಿರಿ ಎಂದೆ. ತೀರ್ಪಿನ ನಕಲಿಗೆ ನ್ಯಾಯಾಲಯದ ನಕಲು ವಿಭಾಗಕ್ಕೆ ನಾಲ್ಕು ಸಲ ಅಲೆದೆ. ಹಳೆಯ ಕಡತ, ಹುಡುಕಬೇಕು ಎಂದರು. ನಾಲ್ಕನೇ ಸಲ ಕೈಗೆ ಬಂದಾಗ ಹೊರಗಿನ ಬೆಂಚಿನ ಮೇಲೆ ಕೂತು ಓದಿದೆ. ಹದಿನೆಂಟು ಪುಟ. ನನ್ನ ಹೆಸರು ಇರಬೇಕಾದ ಕಡೆಯೆಲ್ಲ ಆರೋಪಿ ಎಂದಿತ್ತು. ಅಮ್ಮನ ಹೇಳಿಕೆಯೂ ಇತ್ತು. 'ನನ್ನ ಭಾವನವರು ನನ್ನನ್ನು ಎರಡೂ ಕೈಗಳಿಂದ ತಳ್ಳಿದರು.' ಆ ಸಾಲನ್ನು ಬೆರಳಿಟ್ಟು ಇನ್ನೊಮ್ಮೆ ಓದಿದೆ.

ಆಡಳಿತ ಮಂಡಳಿಯಲ್ಲಿ ಇಬ್ಬರಿದ್ದರು. ಒಬ್ಬರು ಮಾವಿನ ಮಂಡಿ ನಡೆಸುವವರು, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಕೆಟ್ಟವರಲ್ಲ. ಮಂಡಿಯವರು ಕೇಳಿದರು:

"ಮಕ್ಕಳು ಗಲಾಟೆ ಮಾಡ್ತಾರೆ. ನಿಮಗೆ ಕೋಪ ಬರುತ್ತೆ. ಆಗೇನ್ಮಾಡ್ತೀರಿ?"

"ಚಾಕ್‌ಪೀಸ್ ಕೆಳಗಿಟ್ಟು ಸುಮ್ನೆ ನಿಂತ್ಕೋತೀನಿ ಸರ್. ಸ್ವಲ್ಪ ಹೊತ್ತಿಗೆ ಅವರೇ ಸುಮ್ಮನಾಗ್ತಾರೆ."

ಬ್ಯಾಂಕಿನವರು ಕನ್ನಡಕ ತೆಗೆದು ಒರೆಸಿಕೊಂಡರು. "ಪೆಟ್ಟು ತಿಂದವರು ನಿಮ್ಮ ದೊಡ್ಡಪ್ಪನೇ ಅಲ್ವಾ? ಅವರ ಕಡೆಯಿಂದ ಒಂದು ಪತ್ರ ತನ್ನಿ. ಈಗ ನಮ್ಮ ನಡುವೆ ದ್ವೇಷ ಇಲ್ಲ, ಈಕೆಗೆ ಕೆಲಸ ಕೊಡೋದಕ್ಕೆ ನಮ್ಮ ಅಭ್ಯಂತರ ಇಲ್ಲ ಅಂತ. ನಾಳೆ ಪೋಷಕರು ಕೇಳಿದ್ರೆ ತೋರಿಸೋಕೆ ನಮಗೊಂದು ಆಧಾರ."

ಆಗುವುದಿಲ್ಲ ಎಂದು ಎದ್ದುಬರಬೇಕು ಅನ್ನಿಸಿತು. ಆದರೆ ಎದ್ದುಬಂದರೆ ಮತ್ತೆ ಇನ್ನೊಂದು ಊರು, ಇನ್ನೊಂದು ಅರ್ಜಿ. ಸರಿ ಸರ್ ಎಂದೆ.

ಭಾನುವಾರ ಬೆಳಗ್ಗೆ ರಾಯಲ್ಪಾಡಿನ ಬಸ್ಸು ಹತ್ತಿದೆ. ಮಾವು ಹೂಬಿಟ್ಟ ಕಾಲ. ಊರಿನಲ್ಲಿ ಇಳಿದು, ಅಮ್ಮನ ಮನೆಯ ಬೀದಿ ಬಿಟ್ಟು ಹಿಂದಿನ ಬೀದಿಯಿಂದ ದೊಡ್ಡಪ್ಪನ ಮನೆಗೆ ಹೋದೆ. ಹದಿನೈದು ವರ್ಷದ ಮೇಲೆ ಆ ಹೊಸ್ತಿಲ ಹತ್ತಿರ ನಿಂತಿದ್ದೆ. ದೊಡ್ಡಮ್ಮ ಹೊರಗೆ ಬಂದವರು ನನ್ನನ್ನು ನೋಡಿ ಒಳಗೆ ಹೋದರು. ಹೋಗಿಬಿಡೋಣವೇ ಎಂದುಕೊಳ್ಳುವಷ್ಟರಲ್ಲಿ ಒಂದು ಚೊಂಬು ಮಜ್ಜಿಗೆ ತಂದು ಜಗಲಿಯ ಮೇಲಿಟ್ಟರು.

ದೊಡ್ಡಪ್ಪ ಕುಗ್ಗಿಹೋಗಿದ್ದರು. ಟವೆಲಿನಲ್ಲಿ ಬಲಗೈ ಮುಚ್ಚಿಕೊಂಡೇ ಕೂತಿದ್ದರು.

"ಏಮಮ್ಮಾ" ಎಂದು ತೆಲುಗಿನಲ್ಲೇ ಮಾತು ತೆಗೆದವರು ಆಮೇಲೆ ಕನ್ನಡಕ್ಕೆ ಬಂದರು. ನಾನು ಮೇಷ್ಟರಮ್ಮ ಆದ ಮೇಲೆ ನನ್ನೊಡನೆ ಕನ್ನಡದಲ್ಲೇ ಮಾತಾಡಬೇಕು ಎಂದುಕೊಂಡಿರಬೇಕು. "ದಾರಿ ತಪ್ಪಿ ಬಂದ್ಯಾ?"

ಬಂದ ಕಾರಣ ಹೇಳಿದೆ. ಶಾಲೆ, ಕೆಲಸ, ಪತ್ರ. ಅವರು ಪೂರ್ತಿ ಕೇಳಿದರು.

"ಬರ್ಕೊಡ್ತೀನಿ" ಎಂದರು. ನಾನು ಇಷ್ಟು ಸುಲಭ ಎಂದುಕೊಂಡಿರಲಿಲ್ಲ. "ಆದ್ರೆ ಮೊದ್ಲು ನೀನೊಂದು ಬರ್ಕೊಡು. ನಾನು ನಿಮ್ಮಮ್ಮನ್ನ ತಳ್ಳಿದ್ನಾ?"

ನಾನು ಚೊಂಬು ಕೆಳಗಿಟ್ಟೆ.

"ನೀನು ಅಲ್ಲೇ ಇದ್ದೆ. ಹೇಳು."

"ಇಲ್ಲ."

"ಏನಾಯ್ತು?"

"ನೀವು ಹೊರೆ ಹಿಡ್ಕೊಂಡು ಎಳೆದ್ರಿ. ಅಮ್ಮ ಕೈಬಿಟ್ಟು ಕೂತ್ಕೊಂಡ್ರು."

"ಅದನ್ನ ಬರಿ. ಕೈಗೆ ನಾನು ಒಗ್ಗಿದ್ದೀನಿ, ಕೈ ಹೋಗ್ಲಿ. ದಾರಿ ಉತ್ತಿದ್ದು ನನ್ನ ತಪ್ಪೇ, ಅದನ್ನೂ ಒಪ್ಕೋತೀನಿ. ಆದ್ರೆ ಮದುವೆ ಮನೇಲಿ ಹೆಂಗಸ್ರು ನನ್ನ ಕಂಡ್ರೆ ಜರುಗ್ತಾರೆ ಕಣಮ್ಮ. ತಮ್ಮನ ಹೆಂಡ್ತಿ ಮೈಮೇಲೆ ಕೈ ಹಾಕ್ದೋನು ಅಂತ. ನನ್ನ ಸೊಸೆ ಕೂಡ ಹಂಗೇ ನೋಡೋದು. ನಾನು ಸತ್ತ ಮೇಲೂ ಅದೇ ಮಾತು ಇರುತ್ತೆ."

ದೊಡ್ಡಮ್ಮ ಬಾಗಿಲ ಹಿಂದೆ ನಿಂತಿದ್ದರು. ಅವರ ಬಳೆಯ ಸದ್ದು ಕೇಳುತ್ತಿತ್ತು.

ಬರೆದರೆ, ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ಇನ್ನೊಂದು ಕೇಸಾದೀತೇ ಎಂದು ಮೊದಲು ಯೋಚಿಸಿದೆ. ಆಮೇಲೆ ಆ ಯೋಚನೆಗೂ ಸುಸ್ತಾಯಿತು. ಚೀಲದಲ್ಲಿ ಶಾಲೆಗೆಂದು ಇಟ್ಟುಕೊಂಡಿದ್ದ ಬಿಳಿ ಹಾಳೆಗಳಿದ್ದವು. ಒಂದನ್ನು ತೊಡೆಯ ಮೇಲಿಟ್ಟು ಬರೆದೆ. ಆ ದಿನ ದೊಡ್ಡಪ್ಪನವರು ನನ್ನ ತಾಯಿಯನ್ನು ತಳ್ಳಲಿಲ್ಲ. ಹೊರೆಯನ್ನು ಎಳೆದರು. ತಾಯಿ ತಾವೇ ಕುಸಿದು ಕೂತರು. ನಾನು ಕೋಪದಲ್ಲಿ ಹೊಡೆದೆ, ಹೆದರಿಕೆಯಿಂದಲ್ಲ. ಇಷ್ಟೇ ಬರೆದು ಸಹಿ ಮಾಡಿದೆ. ಬಾಕಿ ಉಳಿದಿದ್ದ ಹೋಂವರ್ಕ್ ಮುಗಿಸಿದ ಹಾಗೆ ಅನ್ನಿಸಿತು, ಅಷ್ಟೇ.

ದೊಡ್ಡಪ್ಪ ಅಕ್ಷರ ಅಕ್ಷರ ಕೂಡಿಸಿ ಓದಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟರು. ಆಮೇಲೆ ಶಾಲೆಗೆ ಬೇಕಾದ ಪತ್ರವನ್ನೂ ನನ್ನಿಂದಲೇ ಬರೆಸಿದರು. ಸಹಿ ಮಾಡಲು ಟವೆಲಿನಿಂದ ಬಲಗೈ ತೆಗೆದರು. ಪೆನ್ನು ಮಡಚದ ಎರಡು ಬೆರಳುಗಳ ನಡುವಿನಿಂದ ಜಾರಿತು. ಎಡಗೈಗೆ ಬದಲಾಯಿಸಿಕೊಂಡು ಚಿಕ್ಕ ಮಗುವಿನ ಹಾಗೆ ದೊಡ್ಡ ದೊಡ್ಡ ಅಕ್ಷರ ಬರೆದರು. ನಾನು ಹಾಳೆ ಸರಿಯದ ಹಾಗೆ ಹಿಡಿದುಕೊಂಡಿದ್ದೆ. ಏನೋ ಹೇಳಬೇಕಿತ್ತು. ತಪ್ಪಾಯಿತು ಎಂದಾದರೂ. "ಬರ್ತೀನಿ ದೊಡ್ಡಪ್ಪ" ಎಂದಷ್ಟೇ ಬಾಯಿಗೆ ಬಂತು.

ಆ ದಿನ ಅಮ್ಮನ ಮನೆಗೆ ಹೋಗಲಿಲ್ಲ.

ಸೋಮವಾರ ಪತ್ರ ಕೊಟ್ಟಾಗ ಮುಖ್ಯೋಪಾಧ್ಯಾಯಿನಿಗೆ ನಾನು ಮೊದಲು ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಅವರು ಪತ್ರವನ್ನು ಅರ್ಜಿಯ ಜೊತೆ ಇಟ್ಟರು.

"ಇದನ್ನ ಯಾಕೆ ಹೇಳಿದ್ರಿ? ನಾನು ಕೇಳಿರಲಿಲ್ಲವಲ್ಲ" ಎಂದರು.

"ನೆನಪಿಟ್ಕೊಳ್ಳೋದು ಕಷ್ಟ ಮೇಡಂ, ಎರಡೆರಡು."

ಹತ್ತು ದಿನದ ಮೇಲೆ ಕರೆ ಬಂತು. ಒಂದು ವರ್ಷದ ಮಟ್ಟಿಗೆ ತಾತ್ಕಾಲಿಕ. ತರಗತಿಯ ಜವಾಬ್ದಾರಿ ಕೊಡುವುದಿಲ್ಲ, ಪ್ರವಾಸಕ್ಕೆ ಮಕ್ಕಳ ಜೊತೆ ಕಳಿಸುವುದಿಲ್ಲ, ಪ್ರತಿ ವರ್ಷ ಪೊಲೀಸ್ ಪತ್ರ ಹೊಸದಾಗಿ ತರಬೇಕು. ಒಪ್ಪಿಕೊಂಡೆ. ಯಜಮಾನರು ಮೈಸೂರುಪಾಕು ತಂದರು. ತಿಂದು ಮಲಗಿದೆ. ಸಂತೋಷ ನಾಳೆ ಬರಬಹುದು ಎಂದುಕೊಂಡೆ.

ಶಾಲೆ ಶುರುವಾಗುವ ಮೊದಲೇ ಅಮ್ಮನ ಫೋನು ಬಂತು. ದೊಡ್ಡಪ್ಪ ಆ ಹಾಳೆಯನ್ನು ಹಾಲಿನ ಡೇರಿಯ ಹತ್ತಿರ ಎಲ್ಲರ ಕೈಯಲ್ಲೂ ಓದಿಸಿದ್ದರು.

"ನೀನೇ ಬರ್ಕೊಟ್ಯಾ?"

"ಹೌದಮ್ಮ."

"ಅವತ್ತು ನಿನ್ನ ಉಳಿಸ್ಕೊಳ್ಳೋಕೆ ದೇವರ ಮೇಲೆ ಪ್ರಮಾಣ ಮಾಡಿ ಹೇಳಿದ್ದೆ ನಾನು. ಈಗ ನಿಂಗೆ ಕೆಲಸ ಸಿಕ್ತು. ಅವರಿಗೆ ಮರ್ಯಾದೆ ಸಿಕ್ತು. ಊರಲ್ಲಿ ಸುಳ್ಳಿ ಆಗಿದ್ದು ನಾನೊಬ್ಬಳೇ."

ಜಗಲಿಯಲ್ಲಿ ಕೂತು ಬರೆಯುವಾಗ ನನ್ನ ಬಗ್ಗೆ ಯೋಚಿಸಿದ್ದೆ, ದೊಡ್ಡಪ್ಪನ ಬಗ್ಗೆ ಯೋಚಿಸಿದ್ದೆ, ಕೇಸಿನ ಬಗ್ಗೆ ಯೋಚಿಸಿದ್ದೆ. ನ್ಯಾಯಾಲಯದ ಬೆಂಚಿನ ಮೇಲೆ ಕೂತು ಬೆರಳಿಟ್ಟು ಓದಿದ್ದ ಸಾಲು ಅಮ್ಮನದು ಎಂಬುದು ಮಾತ್ರ ತಲೆಗೆ ಬಂದಿರಲಿಲ್ಲ. ಅವಳೇ ಫೋನು ಇಟ್ಟಳು.

ಐದು ತಿಂಗಳು ಮಾತಿರಲಿಲ್ಲ. ನಾನು ಹೋದರೆ ಅಡುಗೆ ಮಾಡಿ ಬಡಿಸುತ್ತಿದ್ದಳು, ಮಾತು ಶುರುವಾದ ಮೇಲೂ ಎದುರಿಗೆ ಕೂರುತ್ತಿರಲಿಲ್ಲ. ಡೇರಿಗೆ ಹಾಲು ಹಾಕಲು ಎಲ್ಲರೂ ಬಂದು ಹೋದ ಮೇಲೆ ಹೋಗುತ್ತಾಳೆ ಎಂದು ಅಪ್ಪ ಹೇಳಿದರು. ದೊಡ್ಡಪ್ಪ ಮಾತ್ರ ದಾರಿಯಲ್ಲಿ ಅವಳು ಕಂಡರೆ ನಿಂತು, ಅವಳು ದಾಟುವವರೆಗೆ ಕಾಯುತ್ತಾರಂತೆ.

ಶಾಲೆಯಲ್ಲಿ ಇದು ಮೂರನೇ ವರ್ಷ. ಆರು ಮತ್ತು ಏಳನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳು ಪ್ರವಾಸಕ್ಕೆ ಹೋದ ದಿನ ಪ್ರಯೋಗಾಲಯದ ಬಾಟಲಿಗಳಿಗೆ ಚೀಟಿ ಅಂಟಿಸುತ್ತೇನೆ. ಕಳೆದ ಯುಗಾದಿಗೆ ಊರಿಗೆ ಹೋಗಿದ್ದೆ. ಒಬ್ಬಟ್ಟು ಬಡಿಸಿ ಅಮ್ಮ ಈ ಸಲ ಪಕ್ಕದಲ್ಲೇ ಕೂತಳು. ಹೊರಡುವಾಗ ಬಸ್ ನಿಲ್ಲುವ ಕಡೆಯವರೆಗೆ ಬಂದಳು.

"ಈ ವರ್ಷನಾದ್ರೂ ಪರ್ಮನೆಂಟ್ ಮಾಡ್ತಾರಾ?"

"ಗೊತ್ತಿಲ್ಲಮ್ಮ. ಮೇ ತಿಂಗಳಲ್ಲಿ ಮತ್ತೆ ಪೊಲೀಸ್ ಪತ್ರ ಕೊಡಬೇಕು."

"ನಾನೂ ಬರ್ಲಾ ಠಾಣೆಗೆ?"

"ನೀನ್ಯಾಕೆ?"

"ಸುಮ್ನೆ. ಒಬ್ಬಳೇ ಹೋಗ್ತೀಯಲ್ಲ."

ಬೇಡ ಎನ್ನಲಿಲ್ಲ. ಬಸ್ಸು ತಡವಾಗಿತ್ತು. ಇಬ್ಬರೂ ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಕೂತೆವು.